ತೂಬಿನ ಲೆಕ್ಕ, ನಾಲೆಯ ಲೆಕ್ಕ

ನ್ಯಾಮತಿ ಕಡೆಯ ಒಂದು ಹಳ್ಳಿಯಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರಿದ್ದಾರೆ. ನಿವೃತ್ತರಾಗಿ ಬಹಳ ವರ್ಷಗಳಾದವು. ಕೆಲಸದಲ್ಲಿದ್ದಾಗ ರಜೆ ಬಂದರೆ ಸಾಕು, ಸೈಕಲ್ ಹತ್ತಿ ಊರೂರು ಸುತ್ತುತ್ತಿದ್ದರು. ಹೊನ್ನಾಳಿ, ಚನ್ನಗಿರಿ ಸೀಮೆಯ ವೀರಗಲ್ಲು, ಮಾಸ್ತಿಗಲ್ಲು, ದೇವಸ್ಥಾನದ ಕಂಬಗಳ ಬರಹ, ಹಳೇ ಮನೆಗಳ ಅಟ್ಟದಲ್ಲಿ ಹುಳ ತಿನ್ನುತ್ತಿದ್ದ ಕ್ರಯಪತ್ರ, ಹಿಸ್ಸೆಪತ್ರಗಳು ಇವನ್ನೆಲ್ಲ ಫೋಟೋ ತೆಗೆದು, ಕೈಯಲ್ಲಿ ಓದಿ ಬರೆದು, ಆಮೇಲೆ ಕಂಪ್ಯೂಟರು ಕಲಿತು ಅದರಲ್ಲಿ ಕೂಡಿಟ್ಟರು. ಅವರ ಇಪ್ಪತ್ತು ಚಿಲ್ಲರೆ ವರ್ಷಗಳ ದುಡಿಮೆ 40 ಜಿಬಿಯ ಒಂದು ಹಳೇ ಹಾರ್ಡ್ ಡಿಸ್ಕಿನಲ್ಲಿದೆ. ಅದರ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಕಳೆದ ವರ್ಷ ಅವರ ಮನೆಗೆ ಫೈಬರ್ ಇಂಟರ್ನೆಟ್ ಬಂತು. ಎಲ್ಲವನ್ನೂ ದೂರದ ಸರ್ವರಿಗೆ ಏರಿಸಿಬಿಡೋಣವೆಂದು ಕೂತರು. ಒಂದು ದಿನ ಫೋನ್ ಬಂತು.

“ಡಿಸ್ಕಿನ ಮೇಲೆ ಅಲ್ಟ್ರಾ ಎಟಿಎ ನೂರು ಅಂತ ಬರ್ದಿದೆ ಕಣಪ್ಪ. ಇಂಟರ್ನೆಟ್ಟಿನವ್ರೂ ನೂರು ಕೊಟ್ಟಿದೀವಿ ಅಂದ್ರು. ಎರಡೂ ನೂರೇ ಅಲ್ವ? ನಲವತ್ತು ಜಿಬಿ ಅಂದ್ರೆ ನಲವತ್ತು ಸಾವಿರ ಎಂಬಿ. ನೂರರಿಂದ ಭಾಗಿಸಿದ್ರೆ ನಾನೂರು ಸೆಕೆಂಡು. ಏಳು ನಿಮಿಷ ಹಿಡೀಬಾರದು. ಅರ್ಧ ಗಂಟೆ ಆದ್ರೂ ಮುಗೀಲಿಲ್ಲ, ಕೆಟ್ಟೋಯ್ತೇನೋ ಅಂತ ವೈರು ಕಿತ್ತೆ. ಮೂರು ಸಲ ಹಂಗೇ ಆಯ್ತು.”

ಮೂರು ಸಲ! ನನ್ನ ಎದೆ ಧಸಕ್ಕೆಂದಿತು. ಅಷ್ಟು ವಯಸ್ಸಾದ ಡಿಸ್ಕನ್ನು ಒಮ್ಮೆ ಆರಿಸಿ ಹೊತ್ತಿಸುವುದೇ ಅದಕ್ಕೊಂದು ಗಂಡಾಂತರ. ಮೇಷ್ಟ್ರ ಭಾಗಾಕಾರ ತಪ್ಪಿರಲಿಲ್ಲ. ಅವರ ಕಾಲದ ಮೇಷ್ಟ್ರುಗಳ ಭಾಗಾಕಾರ ತಪ್ಪುವುದೂ ಇಲ್ಲ. ತೊಡಕಿದ್ದದ್ದು ಆ ಎರಡು ನೂರುಗಳಲ್ಲಿ. ಡಿಸ್ಕಿನ ನೂರು ಸೆಕೆಂಡಿಗೆ ನೂರು ಮೆಗಾಬೈಟು. ಇಂಟರ್ನೆಟ್ಟಿನ ನೂರು ಸೆಕೆಂಡಿಗೆ ನೂರು ಮೆಗಾಬಿಟ್ಟು. ಒಂದು ಬೈಟಿಗೆ ಎಂಟು ಬಿಟ್ಟು. ಅಂದರೆ ಡಿಸ್ಕಿನ ನೂರನ್ನು ಜಾಲದ ಭಾಷೆಗೆ ತಂದರೆ ಎಂಟುನೂರು. ಜಾಲದ ನೂರನ್ನು ಡಿಸ್ಕಿನ ಭಾಷೆಗೆ ತಂದರೆ ಹನ್ನೆರಡೂವರೆ. ಅವರ 40 ಜಿಬಿ ಏರಬೇಕಾದರೆ ಏನೂ ಅಡ್ಡಿಯಿಲ್ಲದಿದ್ದರೂ 3,200 ಸೆಕೆಂಡು, ಅಂದರೆ 53 ನಿಮಿಷ ಬೇಕಿತ್ತು. ಅವರು ಅರ್ಧ ದಾರಿ ಕಳೆದ ಮೇಲೆ ಪ್ರತಿಸಲವೂ ವೈರು ಕಿತ್ತಿದ್ದರು.

ಒಂದೇ ವಸ್ತುವಿಗೆ ಎರಡು ಕಸುಬಿನವರು ಎರಡು ಅಳತೆ ಇಟ್ಟುಕೊಂಡದ್ದು ಯಾಕೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಟೆಲಿಗ್ರಾಫಿನ ತಂತಿಯಿಂದ ನಮ್ಮ ತಾಲ್ಲೂಕು ಕಚೇರಿಯ ಪಹಣಿಯವರೆಗೆ ಒಂದು ಕತೆ ಬಿಚ್ಚಿಕೊಳ್ಳುತ್ತದೆ.

*

ಭದ್ರಾ ಅಚ್ಚುಕಟ್ಟಿನವರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟವಲ್ಲ. ಅಣೆಕಟ್ಟೆಯಲ್ಲಿ ನಿಂತ ನೀರಿನ ಮಾತು ಬಂದರೆ ನಾವು ಟಿಎಂಸಿ ಎನ್ನುತ್ತೇವೆ. ಭದ್ರಾ ತುಂಬಿದರೆ 71.5 ಟಿಎಂಸಿ. ನಾಲೆಯಲ್ಲಿ ಹರಿಯುವ ನೀರಿನ ಮಾತು ಬಂದರೆ ಕ್ಯುಸೆಕ್ ಎನ್ನುತ್ತೇವೆ. ನಿಂತ ನೀರಿಗೊಂದು ಮಾತು, ಹರಿವ ನೀರಿಗೊಂದು ಮಾತು. ಎರಡನ್ನೂ ಕೂಡಿಸುವ ಲೆಕ್ಕ ಗೊತ್ತಿರುವುದು ಎಂಜಿನಿಯರಿಗೆ ಮತ್ತು ನಾಲೆಯ ಕೊನೇ ಭಾಗದ ರೈತನಿಗೆ ಮಾತ್ರ: ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಕೊನೇ ಭಾಗದ ರೈತ ಈ ಲೆಕ್ಕ ಕಲಿಯುವುದು ಓದಿನ ಚಪಲದಿಂದಲ್ಲ. “ಅಣೆಕಟ್ಟೆ ತುಂಬಿದೆ” ಎಂಬ ಸುದ್ದಿ ಪತ್ರಿಕೆಯಲ್ಲಿ ಓದಿದ ಮೇಲೂ ತನ್ನ ಗದ್ದೆ ಯಾಕೆ ಒಣಗಿದೆ ಎಂದು ಅವನಿಗೆ ತಿಳಿಯಬೇಕಿರುತ್ತದೆ.

ಕಂಪ್ಯೂಟರಿನಲ್ಲೂ ಹೀಗೆಯೇ. ಡಿಸ್ಕು ಕೆರೆ. ಜಾಲ ನಾಲೆ. ಕೆರೆಗೂ ನಾಲೆಗೂ ನಡುವೆ ಒಂದು ತೂಬಿದೆ. ಡಿಸ್ಕಿನಿಂದ ಕಂಪ್ಯೂಟರಿಗೆ ಮಾಹಿತಿ ಹೊರಡುವ ಆ ಬಾಯಿಗೆ ಇಂಟರ್‌ಫೇಸ್ ಎನ್ನುತ್ತಾರೆ. ಮೇಷ್ಟ್ರ ಡಿಸ್ಕಿನ ಮೇಲೆ ಬರೆದಿದ್ದ ನೂರು ಆ ತೂಬಿನ ಅಳತೆ. ತೂಬು ಕಟ್ಟಿದವರು ಬೈಟಿನಲ್ಲಿ ಅಳೆದರು, ನಾಲೆ ತೋಡಿದವರು ಬಿಟ್ಟಿನಲ್ಲಿ ಅಳೆದರು.

ನಾಲೆಯವರ ಕತೆ ಹಳೆಯದು. ಟೆಲಿಗ್ರಾಫಿನ ತಂತಿ ಒಂದೇ. ಅದರಲ್ಲಿ ಸಂಕೇತಗಳು ಒಂದರ ಹಿಂದೊಂದು ಸಾಲಾಗಿ ಹೋಗಬೇಕು. 1870ರ ದಶಕದಲ್ಲಿ ಫ್ರಾನ್ಸಿನ ಎಮಿಲ್ ಬೋದೋ ಒಂದೊಂದು ಅಕ್ಷರಕ್ಕೂ ಐದೈದು ಮಿಡಿತ ಎಂದು ಗೊತ್ತುಮಾಡಿದ. ತಂತಿಯವರಿಗೆ ಬೇಕಾದದ್ದು ಸೆಕೆಂಡಿಗೆ ಎಷ್ಟು ಮಿಡಿತ ಎಂಬ ಲೆಕ್ಕ. ಆ ಮಿಡಿತಗಳಿಂದ ಎಷ್ಟು ಅಕ್ಷರವಾಯಿತು ಎಂಬುದು ಎರಡನೇ ಮಾತು, ಯಾಕೆಂದರೆ ಒಂದು ಪದ್ಧತಿಯಲ್ಲಿ ಅಕ್ಷರಕ್ಕೆ ಐದು, ಇನ್ನೊಂದರಲ್ಲಿ ಏಳು. 1948ರಲ್ಲಿ ಕ್ಲಾಡ್ ಶಾನನ್ ಮಾಹಿತಿಯ ಗಣಿತವನ್ನು ಬರೆದಾಗ, ಹೌದು ಅಥವಾ ಅಲ್ಲ ಎನ್ನುವಷ್ಟು ಕಿರಿದಾದ ಮಾಹಿತಿಯ ಕಾಳಿಗೆ ಬಿಟ್ ಎಂಬ ಹೆಸರು ಬಳಸಿದ. ಆ ಹೆಸರು ಜಾನ್ ಟುಕಿ ಕೊಟ್ಟದ್ದೆಂದೂ ಹೇಳಿದ. ಆಮೇಲೆ ಬಂದ ಡಿಜಿಟಲ್ ದೂರವಾಣಿ ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಕತ್ತರಿಸಿ, ಒಂದೊಂದು ತುಣುಕಿಗೂ ಎಂಟು ಬಿಟ್ಟು ಕೊಟ್ಟಿತು. ಅದೇ 64 ಕಿಲೋಬಿಟ್. ಅಂಥ 32 ದಾರಿಗಳನ್ನು ಒಂದು ಕಟ್ಟಾಗಿ ಕಟ್ಟಿದರೆ 2.048 ಮೆಗಾಬಿಟ್. ನಮ್ಮ ಕಚೇರಿಗಳಲ್ಲಿ ಬಹಳ ವರ್ಷ ಕೇಳಿಬಂದ “ಎರಡು ಎಂಬಿ ಲೈನು” ಅದೇ. ಹೆಸರಿನಲ್ಲಿ ಎಂಬಿ ಎಂದಿದ್ದರೂ ಅದು ಬೈಟಲ್ಲ, ಬಿಟ್ಟು. ಬೈಟಿಗೆ ತಂದರೆ ಸೆಕೆಂಡಿಗೆ ಕಾಲು ಎಂಬಿ.

ತೂಬಿನವರ ಕತೆ ಬೇರೆ. ಬೈಟ್ ಎಂಬ ಮಾತನ್ನು 1956ರಲ್ಲಿ ಐಬಿಎಂನ ವರ್ನರ್ ಬುಕ್‌ಹೋಲ್ಟ್ಸ್ ತಂದ. ಮೊದಮೊದಲು ಬೈಟಿಗೆ ಇಷ್ಟೇ ಬಿಟ್ಟು ಎಂಬ ನಿಯಮ ಇರಲಿಲ್ಲ. 1964ರ ಐಬಿಎಂ ಸಿಸ್ಟಮ್/360 ಬಂದ ಮೇಲೆ ಎಂಟು ಎಂಬುದು ಬೇರೂರಿತು. ಕಂಪ್ಯೂಟರಿನ ಒಳಗೆ ಕೆಲಸ ನಡೆಯುವುದೇ ಬೈಟುಗಳಲ್ಲಿ. ಒಂದು ಅಕ್ಷರಕ್ಕೆ ಒಂದು ಬೈಟು, ಉಗ್ರಾಣದ ಒಂದು ಚೀಲವಿದ್ದ ಹಾಗೆ.

ಆದರೂ ಮೊದಲ ಪುಟ್ಟ ಹಾರ್ಡ್ ಡಿಸ್ಕುಗಳ ವೇಗ ಬಿಟ್ಟಿನಲ್ಲೇ ಇತ್ತು. 1980ರಲ್ಲಿ ಬಂದ ಎಸ್‌ಟಿ-506 ಎಂಬ ಡಿಸ್ಕು ಹಿಡಿಸುತ್ತಿದ್ದದ್ದು 5 ಎಂಬಿ. ಅದರ ವೈರಿನಲ್ಲಿ ಬಿಟ್ಟುಗಳು ಒಂದರ ಹಿಂದೊಂದು ಹರಿಯುತ್ತಿದ್ದವು, ಸೆಕೆಂಡಿಗೆ 5 ಮೆಗಾಬಿಟ್. ಬೈಟಿಗೆ ತಂದರೆ 625 ಕೆಬಿ. ಬದಲಾವಣೆ ಬಂದದ್ದು 1986ರಲ್ಲಿ ಪ್ರಮಾಣಗೊಂಡ ಸ್ಕಸಿ ಎಂಬ ಪದ್ಧತಿಯಿಂದ. ಅದರ ಪಟ್ಟಿಯಂಥ ಕೇಬಲ್ಲಿನಲ್ಲಿ ಮಾಹಿತಿಗೆಂದೇ ಎಂಟು ಎಳೆ. ಎಂಟು ಬಿಟ್ಟೂ ಅಕ್ಕಪಕ್ಕ ನಿಂತು ಒಟ್ಟಿಗೆ ಹೆಜ್ಜೆ ಇಡುತ್ತವೆ, ಹೆಜ್ಜೆಗೊಂದು ಬೈಟು. ಹಾಗಾಗಿ ವೇಗವನ್ನು ಬೈಟಿನಲ್ಲೇ ಹೇಳುವುದು ಸಹಜವಾಯಿತು. ಮೊದಲ ಸ್ಕಸಿ ಸೆಕೆಂಡಿಗೆ 5 ಎಂಬಿ, ಆಮೇಲೆ 10, 20, 40, 80. 1999ರ ಹೊತ್ತಿಗೆ 160. ಮನೆಯ ಕಂಪ್ಯೂಟರುಗಳಲ್ಲಿ ಅಗ್ಗದ ಎಟಿಎ ಪದ್ಧತಿ ಬಂತು. ಅದರಲ್ಲಿ ಹದಿನಾರು ಎಳೆ, ಹೆಜ್ಜೆಗೆ ಎರಡು ಬೈಟು. ವೇಗ 33, 66, ಆಮೇಲೆ ಮೇಷ್ಟ್ರ ಡಿಸ್ಕಿನ 100, ಕೊನೆಗೆ 133.

ಇವನ್ನು ಇಂದಿನ ಜಾಲದ ಮಾತಿಗೆ ತಂದು ನೋಡಿ. ಮೊದಲ ಸ್ಕಸಿಯ 5 ಎಂಬಿ ಎಂದರೆ 40 ಎಂಬಿಪಿಎಸ್, ಹಳ್ಳಿ ಮನೆಗೆ ಈಗ ಸಿಗುವ ಸಾಧಾರಣ ಫೈಬರ್ ಸಂಪರ್ಕದಷ್ಟು. 40 ಎಂಬಿ ಎಂದರೆ 320 ಎಂಬಿಪಿಎಸ್. ಎಟಿಎ ನೂರು ಎಂದರೆ 800 ಎಂಬಿಪಿಎಸ್, ಗಿಗಾಬಿಟ್‌ಗೆ ಸ್ವಲ್ಪ ಕಡಿಮೆ. ಮೂವತ್ತು ವರ್ಷದ ಹಿಂದೆ ಒಂದು ಡಬ್ಬಿಯ ಒಳಗೆ ಒಂದು ಗೇಣು ವೈರಿನಲ್ಲಿ ನಡೆಯುತ್ತಿದ್ದ ಓಟವನ್ನು ನಾವೀಗ ಊರಿಂದ ಊರಿಗೆ ಓಡಿಸುತ್ತಿದ್ದೇವೆ.

*

ಈ ಅಂತರದ ನಿಜವಾದ ಬೆಲೆ ಗೊತ್ತಾಗಬೇಕಾದರೆ ಭೂಮಿ ಯೋಜನೆಯ ಮೊದಲ ವರ್ಷಗಳಿಗೆ ಹೋಗಬೇಕು.

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಜಿಲ್ಲೆ ಇನ್ನೂ ಕಣ್ಣು ಬಿಡುತ್ತಿರುವಾಗಲೇ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಶುರುವಾಯಿತು. ಕಂದಾಯ ಇಲಾಖೆ ಮತ್ತು ಎನ್‌ಐಸಿ ಸೇರಿ ರಾಜ್ಯದ ಅಂದಿನ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಏರಿಸಿದರು. ಅದುವರೆಗೆ ಪಹಣಿ ಇದ್ದದ್ದು ಗ್ರಾಮಲೆಕ್ಕಿಗರ ಕಂಕುಳಿನ ಪುಸ್ತಕದಲ್ಲಿ. ಅವರು ಸಿಕ್ಕರೆ ಪಹಣಿ ಸಿಕ್ಕಿತು, ಇಲ್ಲದಿದ್ದರೆ ನಾಳೆ ಬಾ. 2000ದ ನಂತರ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಅಚ್ಚು ಹಾಕಿದ ಪಹಣಿ ಕೈಗೆ ಬಂತು. ಸಾಲಕ್ಕೆ, ಜಾಮೀನಿಗೆ, ಪಾಲು ವಿಚಾರಕ್ಕೆ, ಕೋರ್ಟಿಗೆ ಎಲ್ಲಕ್ಕೂ ಬೇಕಾದ ಆ ಹಾಳೆಯಲ್ಲಿ ಒಂದು ಸಂಸಾರದ ಅನ್ನವೇ ಇರುತ್ತದೆ.

ಆ ಮೊದಲ ದಿನಗಳಲ್ಲಿ ಒಂದೊಂದು ತಾಲ್ಲೂಕಿನ ಪಹಣಿಯೂ ಅದೇ ತಾಲ್ಲೂಕು ಕಚೇರಿಯ ಸರ್ವರಿನಲ್ಲಿತ್ತು. ಚನ್ನಗಿರಿಯದು ಚನ್ನಗಿರಿಯಲ್ಲಿ, ಜಗಳೂರಿನದು ಜಗಳೂರಿನಲ್ಲಿ. ಹೊರಗೆ ನಾಲೆಯಿಲ್ಲದ ಕೆರೆಗಳ ಹಾಗೆ. ಒಂದು ಲೆಕ್ಕ ಮಾಡಿ ನೋಡೋಣ. ಲೆಕ್ಕಕ್ಕಾಗಿ ಒಂದು ತಾಲ್ಲೂಕಿಗೆ ಒಂದು ಲಕ್ಷ ಪಹಣಿ, ಪಹಣಿಗೆ 4,000 ಬೈಟು ಎಂದಿಟ್ಟುಕೊಳ್ಳಿ. ಒಟ್ಟು 40 ಕೋಟಿ ಬೈಟು, 400 ಎಂಬಿ. ಸೆಕೆಂಡಿಗೆ 40 ಎಂಬಿಯ ಸ್ಕಸಿ ತೂಬಿನಲ್ಲಿ ಇಷ್ಟೂ ದಾಟಲು ಹತ್ತು ಸೆಕೆಂಡು ಸಾಕು. ಅದನ್ನೇ ಜಿಲ್ಲಾ ಕೇಂದ್ರಕ್ಕೆ 56 ಕಿಲೋಬಿಟ್ಟಿನ ಮೋಡೆಮ್ಮಿನಲ್ಲಿ ಕಳಿಸಬೇಕೆಂದರೆ? 400 ಎಂಬಿಯನ್ನು ಎಂಟರಿಂದ ಗುಣಿಸಿ 320 ಕೋಟಿ ಬಿಟ್ಟು, ಅದನ್ನು 56,000ದಿಂದ ಭಾಗಿಸಿದರೆ ಸುಮಾರು ಹದಿನಾರು ಗಂಟೆ. ಅದೂ ದೂರವಾಣಿ ಒಮ್ಮೆಯೂ ಕಡಿಯದೆ, ಗುಡುಗು ಮಳೆ ಬಾರದೆ, ಕರೆಂಟು ಹೋಗದೆ ಇದ್ದರೆ.

ಈಗ ಅದೇ 400 ಎಂಬಿಯನ್ನು ಒಂದು ಸಿಡಿಗೆ ಬರೆದು, ಕೈಚೀಲದಲ್ಲಿಟ್ಟು, ಹೊನ್ನಾಳಿಯಲ್ಲಿ ಕೆಂಪು ಬಸ್ಸು ಹತ್ತಿ. ದಾವಣಗೆರೆಗೆ ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಸಿಡಿ ಪೂರ್ತಿ ತುಂಬಿದ್ದರೆ 700 ಎಂಬಿ, ಅಂದರೆ 560 ಕೋಟಿ ಬಿಟ್ಟು. 5,400 ಸೆಕೆಂಡಿಗೆ ಭಾಗಿಸಿದರೆ ಬಸ್ಸಿನ ವೇಗ ಒಂದು ಎಂಬಿಪಿಎಸ್‌ಗೆ ತುಸು ಹೆಚ್ಚು. ದಾರಿಯಲ್ಲಿ ನಿಂತು ನಿಂತು ಹೋಗುವ ಬಸ್ಸು ಮೋಡೆಮ್ಮಿಗಿಂತ ಹದಿನೆಂಟು ಪಟ್ಟು ಚುರುಕು! ಎರಡು ಸಿಡಿ ಒಯ್ದರೆ ಎರಡರಷ್ಟು. ಒಳ್ಳೆಯ ಟಪಾಲಿನವನ ಚೀಲವನ್ನು ಹಗುರವಾಗಿ ಕಾಣಬಾರದೆಂದು ಜಾಲದ ಎಂಜಿನಿಯರುಗಳು ತಮ್ಮೊಳಗೆ ಇಂದಿಗೂ ತಮಾಷೆ ಮಾಡಿಕೊಳ್ಳುತ್ತಾರೆ.

2005ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯವ್ಯಾಪಿ ಜಾಲಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕನಿಷ್ಠ 2 ಎಂಬಿಪಿಎಸ್ ಇರಬೇಕೆಂಬುದು ಅದರ ಅಳತೆ. ಹಿಂದೆ ಹೇಳಿದ ದೂರವಾಣಿ ಕಟ್ಟಿನದೇ ಅಂಕಿ ಅದು. ನಮ್ಮ ಕೆಸ್ವಾನ್ ಆ ಬಳಗದ್ದು. ನಮ್ಮ 400 ಎಂಬಿ ಈ ದಾರಿಯಲ್ಲಿ 1,600 ಸೆಕೆಂಡಿನಲ್ಲಿ, ಅಂದರೆ 27 ನಿಮಿಷಕ್ಕೆ ಸ್ವಲ್ಪ ಕಡಿಮೆ ಹೊತ್ತಿನಲ್ಲಿ ದಾಟಬಲ್ಲದು. ಹದಿನಾರು ಗಂಟೆ ಎಲ್ಲಿ, 27 ನಿಮಿಷ ಎಲ್ಲಿ! ಆದರೆ ಹತ್ತು ಸೆಕೆಂಡಿನ ಸ್ಕಸಿ ತೂಬಿನ ಪಕ್ಕದಲ್ಲಿಟ್ಟರೆ ಇದು 160 ಪಟ್ಟು ನಿಧಾನ.

ಇದೇ ಕಾರಣಕ್ಕೆ, ಕೆರೆಯನ್ನು ತಾಲ್ಲೂಕಿನಿಂದ ಬೆಂಗಳೂರಿಗೆ ಎತ್ತಿಕೊಂಡು ಹೋಗಿ ಅಲ್ಲಿಂದ ನಾಲೆಯಲ್ಲಿ ನೀರು ಬಿಡುವ ಕ್ರಮ ಬಂದ ಮೇಲೆ ಒಂದು ಹೊಸ ಮಾತು ನಮ್ಮ ಕನ್ನಡಕ್ಕೆ ಬಂತು: “ಸರ್ವರ್ ಡೌನ್”. ಮಾಹಿತಿ ಒಂದೆಡೆ ಸೇರಿದ್ದರಿಂದ ಲಾಭ ದೊಡ್ಡದು. ಯಾವ ಊರಿನ ಪಹಣಿಯನ್ನು ಯಾವ ಊರಿನಲ್ಲಾದರೂ ಪಡೆಯಬಹುದು. ಒಂದು ಕಚೇರಿಗೆ ಬೆಂಕಿ ಬಿದ್ದರೂ ದಾಖಲೆ ಉಳಿಯುತ್ತದೆ. ಆದರೆ ಸಾಲದ ಕೊನೇ ದಿನ ಕಿಟಕಿಯ ಮುಂದೆ ನಿಂತವನಿಗೆ ಗೊತ್ತಾಗುವುದು ನಾಲೆಯ ಕೊನೇ ಭಾಗದ ಸಂಕಟ ಮಾತ್ರ. ಜಗಳೂರಿನವರಿಗೆ ಇದು ಬಹಳ ಹಳೆಯ ಅನುಭವ. ಮಳೆ ಕಡಿಮೆಯ ಆ ಸೀಮೆಯ ಕೆರೆಗಳಿಗೆ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ಎತ್ತಿ ತರುವ ಯೋಜನೆಗಾಗಿ ಅವರು ಕಾದ ವರ್ಷಗಳೆಷ್ಟು! ಹೊಳೆಯಲ್ಲಿ ನೀರಿದೆ ಎನ್ನುವುದಕ್ಕೂ ಕೆರೆಗೆ ಬಂದಿದೆ ಎನ್ನುವುದಕ್ಕೂ ನಡುವಿನ ದೂರ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

*

ಎಂಟರಿಂದ ಗುಣಿಸಿದರೆ, ಭಾಗಿಸಿದರೆ ಲೆಕ್ಕ ಮುಗಿಯಿತೇ? ಇಲ್ಲ. ಪಹಣಿ ಓದಲು ಬಲ್ಲವರಿಗೆ ಉಳಿದದ್ದೂ ಸುಲಭ. ಪಹಣಿಯಲ್ಲಿ ಮೊದಲು ಒಟ್ಟು ವಿಸ್ತೀರ್ಣ ಬರುತ್ತದೆ. ಅದರ ಕೆಳಗೆ ‘ಅ’ ಖರಾಬು, ‘ಬ’ ಖರಾಬು. ಬಂಡೆ, ದಾರಿ, ಹಳ್ಳ ಇವೆಲ್ಲ ಕಳೆದು ಉಳಿದದ್ದು ಸಾಗುವಳಿಗೆ ಬರುವ ನೆಲ. ಹೊಲ ಕೊಳ್ಳುವವನು ಖರಾಬು ನೋಡದೆ ದುಡ್ಡು ಕೊಟ್ಟರೆ ಕೆಟ್ಟ. ವೇಗಕ್ಕೂ ಖರಾಬು ಉಂಟು.

2003ರ ಹೊತ್ತಿಗೆ ಡಿಸ್ಕಿನವರು ಅಗಲ ಪಟ್ಟಿಯ ಕೇಬಲ್ ಬಿಟ್ಟು ಮತ್ತೆ ಒಂಟಿ ದಾರಿಗೆ ಬಂದರು. ವೇಗ ಹೆಚ್ಚಿದಂತೆ ಅಕ್ಕಪಕ್ಕದ ಎಳೆಗಳ ಬಿಟ್ಟುಗಳು ಒಂದೇ ಹೊತ್ತಿಗೆ ತಲುಪುವುದು ಕಷ್ಟವಾಗಿತ್ತು. ಮದುವೆ ಮೆರವಣಿಗೆಯಲ್ಲಿ ಎಂಟು ಜನ ಕೈ ಹಿಡಿದು ನಡೆಯಬಹುದು, ಓಡಲಾಗದು. ಹೊಸ ಸಾಟಾ ಪದ್ಧತಿಯಲ್ಲಿ ಬಿಟ್ಟುಗಳು ಮತ್ತೆ ಸಾಲು ಹಿಡಿದವು. ಅಳತೆಯೂ ಬಿಟ್ಟಿಗೆ ಮರಳಿತು, ಸೆಕೆಂಡಿಗೆ 1.5 ಗಿಗಾಬಿಟ್. ಎಂಟರಿಂದ ಭಾಗಿಸಿದರೆ 187.5 ಎಂಬಿ ಆಗಬೇಕು. ಆದರೆ ಪೆಟ್ಟಿಗೆಯ ಮೇಲೆ 150 ಎಂದಿರುತ್ತದೆ. ಯಾಕೆಂದರೆ ಅದರಲ್ಲಿ ಪ್ರತಿ ಎಂಟು ಬಿಟ್ಟು ಮಾಹಿತಿಗೆ ಹತ್ತು ಬಿಟ್ಟು ಕಳಿಸುತ್ತಾರೆ. ಎರಡು ಬಿಟ್ಟು ತಾಳ ತಪ್ಪದಂತೆ ಕಾಯುವುದಕ್ಕೆ. ಐದರಲ್ಲೊಂದು ಪಾಲು ಖರಾಬು. ಈಗಿನ 6 ಗಿಗಾಬಿಟ್ ಸಾಟಾ ಕೂಡ ಇದೇ ರೀತಿಯಲ್ಲಿ 600 ಎಂಬಿ. ಜಾಲದಲ್ಲೂ ಹೀಗೆಯೇ. ಗಿಗಾಬಿಟ್ ಈಥರ್‌ನೆಟ್ ಎಂದರೆ ಕಾಗದದ ಮೇಲೆ 125 ಎಂಬಿ. ಒಂದೊಂದು ಕಂತೆಗೂ ವಿಳಾಸ, ಮೊಹರು, ನಡುವಿನ ಬಿಡುವು ಎಲ್ಲ ಕಳೆದರೆ 118ರ ಆಸುಪಾಸು.

ಇನ್ನೊಂದು ಖರಾಬು ತೂಬಿನ ಹಿಂದೆಯೇ ಇದೆ. ತೂಬು ಎಷ್ಟೇ ದೊಡ್ಡದಿದ್ದರೂ ಕೆರೆಯಲ್ಲಿ ಹೂಳು ತುಂಬಿದ್ದರೆ ನೀರು ಬಾರದು. ಮೇಷ್ಟ್ರ ಡಿಸ್ಕಿನ ತೂಬು ನೂರು ಎಂಬಿ ಬಿಡಬಲ್ಲದು ನಿಜ. ಒಳಗೆ ತಿರುಗುವ ತಟ್ಟೆಯಿಂದ ಅಂಥ ಹಳೇ ಡಿಸ್ಕು ಎತ್ತಿಕೊಡುವುದು ಬಹುಪಾಲು ಅದರ ಅರ್ಧಕ್ಕಿಂತ ಕಡಿಮೆ. ಇಂಟರ್‌ಫೇಸಿನ ಅಂಕಿ ಮೇಲ್ಮಿತಿ, ಭರವಸೆಯಲ್ಲ.

ಅಕ್ಷರದ್ದು ಇನ್ನೂ ಸ್ವಾರಸ್ಯದ ಸಂಗತಿ. 1991ರ ಇಸ್ಕಿ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಒಂದೊಂದು ಬೈಟು. ‘ಹೊನ್ನಾಳಿ’ ಬರೆಯಲು ವ್ಯಂಜನ, ಸ್ವರಚಿಹ್ನೆ, ವಿರಾಮ ಎಲ್ಲ ಸೇರಿ ಎಂಟು ಬೈಟು. ಈಗ ಜಗತ್ತೆಲ್ಲ ಒಪ್ಪಿದ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಅದೇ ಹೆಸರಿಗೆ 24 ಬೈಟು, ಯಾಕೆಂದರೆ ಅಲ್ಲಿ ಕನ್ನಡದ ಒಂದು ಚಿಹ್ನೆಗೆ ಮೂರು ಬೈಟು. ‘ಜಗಳೂರು’ ಆರರಿಂದ ಹದಿನೆಂಟಾಯಿತು, ‘ನ್ಯಾಮತಿ’ ಏಳರಿಂದ ಇಪ್ಪತ್ತೊಂದು. ಇಂಗ್ಲಿಷಿನ ಅಕ್ಷರಕ್ಕೆ ಹಿಂದೆಯೂ ಒಂದು, ಈಗಲೂ ಒಂದು. ಹಾಗೆಂದು ಯೂನಿಕೋಡನ್ನು ಬೈಯುವಂತಿಲ್ಲ. ಹಳೇ ಫಾಂಟುಗಳಲ್ಲಿ ಬರೆದದ್ದು ಇನ್ನೊಂದು ಯಂತ್ರದಲ್ಲಿ ಕಸದಂತೆ ಕಾಣುತ್ತಿದ್ದ ಕಾಲ ನೆನಪಿದ್ದವರಿಗೆ ಮೂರು ಬೈಟು ಹೊರೆಯೆನಿಸದು.

2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾಯಿತು. ಹಿಂದಿನ ಕಾಲವಾಗಿದ್ದರೆ ಹಳ್ಳಿಗಳ ದಫ್ತರುಗಳನ್ನು ಕಟ್ಟಿ ಗಾಡಿಯಲ್ಲಿ ಹೇರಿ ಸಾಗಿಸಬೇಕಿತ್ತು. ಈಗ ಕಂಪ್ಯೂಟರಿನಲ್ಲಿರುವ ಪಹಣಿಗೆ ಆ ತಾಪತ್ರಯವಿಲ್ಲ. ಆದರೆ ಕೈಬರಹದ ಹಳೇ ಕಡತಗಳು ಇನ್ನೂ ಕಾಗದವೇ. ತಾಲ್ಲೂಕುಗಳ ದಾಖಲೆ ಕೊಠಡಿಯ ಆ ಕಾಗದಗಳನ್ನೂ ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸ ಈಗ ರಾಜ್ಯದಲ್ಲಿ ನಡೆದಿದೆ. ಇಲ್ಲಿ ಲೆಕ್ಕದ ಅಳತೆಯೇ ಬೇರೆ. ಅಚ್ಚಿನ ಪಹಣಿ ನಾಲ್ಕು ಸಾವಿರ ಬೈಟಾದರೆ, ಒಂದು ಪುಟದ ಚಿತ್ರವನ್ನು ಎರಡು ಲಕ್ಷ ಬೈಟೆಂದು ಹಿಡಿಯೋಣ. ಒಂದು ಕೋಟಿ ಪುಟಕ್ಕೆ ಎರಡು ಟಿಬಿ. ಹಳೇ 2 ಎಂಬಿಪಿಎಸ್ ದಾರಿಯಲ್ಲಿ ಇದು ತೊಂಬತ್ತೆರಡು ದಿನಕ್ಕೂ ಹೆಚ್ಚು ಹರಿಯಬೇಕು. ಭಾರತ್‌ನೆಟ್ ಪ್ರತಿ ಗ್ರಾಮ ಪಂಚಾಯಿತಿಗೂ ಗುರಿಯಿಟ್ಟ 100 ಎಂಬಿಪಿಎಸ್‌ನಲ್ಲಿ ಎರಡು ದಿನದೊಳಗೆ ಮುಗಿಯುತ್ತದೆ. ಕೈಯಲ್ಲಿ ಹಿಡಿಯುವ ಡಿಸ್ಕಿಗೆ ತುಂಬಿ ಕೆಂಪು ಬಸ್ಸು ಹತ್ತಿದರೆ? ಒಂದೂವರೆ ಗಂಟೆ! ಸೆಕೆಂಡಿಗೆ ಸುಮಾರು ಮೂರು ಗಿಗಾಬಿಟ್. ಬಸ್ಸು ಈಗಲೂ ಸೋತಿಲ್ಲ.

*

ನಾನು ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಅದನ್ನ ಮುಟ್ಟಬೇಡಿ ಸಾರ್, ಭಾನುವಾರ ಬರ್ತೀನಿ.” ಬಸ್ಸಿನಲ್ಲೇ ಹೋದೆ. ಚೀಲದಲ್ಲಿ ಹೊಸದೊಂದು ಡಿಸ್ಕು, ಹಳೇ ಎಟಿಎ ಡಿಸ್ಕನ್ನು ಯುಎಸ್‌ಬಿಗೆ ಸೇರಿಸುವ ಒಂದು ಅಡಾಪ್ಟರ್ ಇತ್ತು. ಮೊದಲು ಮನೆಯಲ್ಲೇ ಪ್ರತಿ ತೆಗೆಯುವುದು, ಆಮೇಲೆ ದೂರ ಕಳಿಸುವುದು ಎಂದು ನಿಶ್ಚಯಿಸಿದ್ದೆವು. ಯುಎಸ್‌ಬಿ 2ರ ಮೇಲೆ 480 ಎಂದಿರುತ್ತದೆ, ಅದೂ ಮೆಗಾಬಿಟ್ಟೇ. ಎಂಟರಿಂದ ಭಾಗಿಸಿದರೆ 60 ಎಂಬಿ, ಖರಾಬು ಕಳೆದರೆ ಕೈಗೆ ಬರುವುದು 30ರ ಮೇಲೆ ಕೆಳಗೆ. ಮೇಷ್ಟ್ರು ಕಾಗದದ ಮೇಲೆ ಲೆಕ್ಕ ಹಾಕಿ “ಇಪ್ಪತ್ತೆರಡು ನಿಮಿಷ” ಎಂದರು. ಇಪ್ಪತ್ತಾರು ಹಿಡಿಯಿತು. ಡಿಸ್ಕು ನಡುವೆ ಎರಡು ಸಲ ಕಟಕಟ ಎಂದಾಗ ಇಬ್ಬರೂ ಮಾತಾಡಲಿಲ್ಲ. ಅಮ್ಮ ತಂದಿಟ್ಟ ಕಾಫಿ ಆರಿತು.

ಹನ್ನೊಂದು ಫೈಲುಗಳು ಓದಲಾಗದೆ ಹೋದವು. ಉಳಿದದ್ದೆಲ್ಲ ಬಂತು. ಮಧ್ಯಾಹ್ನ ಊಟಕ್ಕೆ ಮುಂಚೆ ಏರಿಸಲು ಹಚ್ಚಿದೆವು. ಒಂದು ಗಂಟೆ ಕಳೆದರೂ ಮುಗಿಯದಿದ್ದಾಗ ಅವರು ವೈರಿನ ಕಡೆ ನೋಡಲಿಲ್ಲ. ಗಡಿಯಾರ ನೋಡಿ, “ಖರಾಬು ಇರುತ್ತಲ್ಲ” ಎಂದರು. ಎರಡೂಕಾಲು ಗಂಟೆಗೆ ಮುಗಿಯಿತು.

ಹೊರಡುವಾಗ ಅವರು ಒಂದು ಫೋಟೋ ತೆರೆದು ತೋರಿಸಿದರು. ಒಂದು ಹಳೇ ಕ್ರಯಪತ್ರ. ಜಮೀನಿನ ಅಳತೆ ಎಕರೆ ಗುಂಟೆಯಲ್ಲಿರಲಿಲ್ಲ, ಬಿತ್ತನೆಯ ಲೆಕ್ಕದಲ್ಲಿತ್ತು: ಇಷ್ಟು ಕೊಳಗ ಬೀಜ ಬೀಳುವ ಹೊಲ ಎಂದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬುದೇನೋ ಸರಿ. ಆದರೆ ಗದ್ದೆಯ ಖಂಡುಗ ಬೇರೆ, ಬೆದ್ದಲಿನ ಖಂಡುಗ ಬೇರೆ. ಮಣ್ಣು ಬದಲಾದರೆ ಬೀಜ ಬೀಳುವ ನೆಲವೂ ಬದಲಾಗುತ್ತದೆ. ದುಡ್ಡಿನಿಂದ 1957ರಲ್ಲೇ ಹೊರಟುಹೋದ ಆಣೆ ನಮ್ಮ ಪಹಣಿಯಲ್ಲಿ ಗುಂಟೆಗೆ ಹದಿನಾರರಂತೆ ಇನ್ನೂ ಕೂತಿದೆ. ಅದನ್ನಾದರೂ ಅಡಿಗೆ ತರಬಹುದು, ಗುಂಟೆಯೆಂದರೆ 1,089 ಚದರಡಿ.

“ನಿನ್ನ ಬಿಟ್ಟು, ಬೈಟು ಎಂಟಕ್ಕೆ ಒಂದು, ಎಲ್ಲೋದ್ರೂ ಒಂದೇ” ಎಂದರು ಮೇಷ್ಟ್ರು. “ಇದನ್ನ ಎಕರೆಗೆ ಹೆಂಗೆ ತರ್ತೀಯ ಹೇಳು?”

ನನಗೆ ಗೊತ್ತಿರಲಿಲ್ಲ. ಆ ಹೊಲ ಯಾವುದೆಂದು ಕೇಳಿದೆ. ಹೊಳೆಯ ಕಡೆಗೆ ಕೈ ತೋರಿಸಿ, ಮುಂದಿನ ಸಲ ಬಂದಾಗ ಹೋಗಿ ಮಣ್ಣು ನೋಡೋಣ ಎಂದರು.